ಪಿ0340: ಸೆನ್ಸರ್ ಹೊಸದು, ತೊಂದರೆ ಹಳೆಯದು

ಗಾಡಿ 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್. ಓಡಿಸುವವನು ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆ ದಿನಾ ಚಿತ್ರದುರ್ಗಕ್ಕೆ ಹೋಗಿಬರುವ ನನ್ನ ಗೆಳೆಯ. ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಹೈವೇ ಹತ್ತಿ ಆನಗೋಡು ದಾಟಿ ಭರಮಸಾಗರ ಬರುವಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಪಿಕಪ್ಪಿಗೆ ಏನೂ ಆಗುವುದಿಲ್ಲ. ಆದರೆ ಚಿತ್ರದುರ್ಗದಲ್ಲಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ಸುಮ್ನೆ ತಿರುಗುತ್ತಲೇ ಇರುತ್ತದೆ. ಬಹಳ ಹೊತ್ತು ಹಿಡಿದರೆ ಮಾತ್ರ ಒಂದು ಕೆಮ್ಮು ಕೆಮ್ಮಿ ಹತ್ತಿಕೊಳ್ಳುತ್ತದೆ.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0340 ಕೋಡ್ ಬಂದಿದೆ. ಕ್ಯಾಮ್‌ಶಾಫ್ಟ್ ಪೊಸಿಷನ್ ಸೆನ್ಸರ್ ಬದಲಿಸಿದ್ದಾರೆ. ಸ್ವಲ್ಪ ದಿನ ಚೆನ್ನಾಗಿ ಓಡಿದೆ, ಆಮೇಲೆ ಮತ್ತೆ ಅದೇ ಕೋಡ್, ಅದೇ ಕಾಟ. ಎರಡನೇ ಸಲ ಹೋದಾಗ ಇಸಿಯು ಬದಲಿಸಬೇಕಾಗಬಹುದು ಎಂದಿದ್ದಾರೆ. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದು ಸಣ್ಣ ದುಡ್ಡಲ್ಲ. ಆಗ ಗಾಡಿ ನನ್ನ ಹತ್ತಿರ ಬಂತು. ತೆಗೆದ ಹಳೆಯ ಸೆನ್ಸರನ್ನು ಗೆಳೆಯ ಎಸೆದಿರಲಿಲ್ಲ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇಟ್ಟಿದ್ದ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಪಿ0340 ಹೇಳುವುದು ಕ್ಯಾಮ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದು ಮಾತ್ರ. ಸೆನ್ಸರ್ ಸತ್ತಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ಕಪ್ಲರ್ (ವೈರು ಸಿಕ್ಕಿಸುವ ಜೋಡಣೆ), ಮೂರು ವೈರು (ಕರೆಂಟ್ ತರುವ ಸಪ್ಲೈ, ಸಿಗ್ನಲ್, ಕರೆಂಟ್ ಬ್ಯಾಟರಿಯ ನೆಗೆಟಿವ್ ಕಡೆ ಹಿಂತಿರುಗುವ ಅರ್ಥ್), ಇಸಿಯು ಕಡೆಯ ಕಪ್ಲರ್, ಕಟ್ಟಕಡೆಗೆ ಇಸಿಯು. ಇಷ್ಟರಲ್ಲಿ ಎಲ್ಲಿ ಕೆಟ್ಟರೂ ಇದೇ ಕೋಡ್ ಬರಬಹುದು. ಬಿಚ್ಚಲು ಸುಲಭ ಅಂತ ಸೆನ್ಸರನ್ನೇ ಮೊದಲು ಬದಲಿಸುವ ರೂಢಿ ಎಲ್ಲ ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಮಲ್ಟಿಮೀಟರ್, ಒಂದು ಸಣ್ಣ ಬಲ್ಬು, ಸ್ವಲ್ಪ ತಾಳ್ಮೆ ಇದ್ದರೆ ದುಡ್ಡು ಖರ್ಚು ಮಾಡುವ ಮೊದಲೇ ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯಬಹುದು.

ಈ ಸೆನ್ಸರ್ ಮಾಡುವ ಕೆಲಸ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತು ಕೆಲಸ ಮುಗಿಯಲು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸಲ ತಿರುಗಬೇಕು. ಅಂದರೆ 720 ಡಿಗ್ರಿ. ಇಷ್ಟರೊಳಗೆ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಪೆಟ್ರೋಲ್ ಗಾಳಿಯನ್ನು ಒತ್ತಿಕೊಂಡು, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಗೆ ತಳ್ಳಿಕೊಂಡು. ಕಿಡಿ ಬೇಕಾಗುವುದು ಮೊದಲನೆಯದಕ್ಕೆ ಮಾತ್ರ.

ಕ್ರ್ಯಾಂಕ್ ಸೆನ್ಸರ್ ಪಿಸ್ಟನ್ ಎಲ್ಲಿದೆ ಎಂದು ಬಹಳ ಕರಾರುವಾಕ್ಕಾಗಿ ಹೇಳುತ್ತದೆ. ತುಂಬಾ ಗಾಡಿಗಳಲ್ಲಿ ಕ್ರ್ಯಾಂಕಿನ ಚಕ್ರಕ್ಕೆ 60 ಹಲ್ಲಿನ ಜಾಗ ಇರುತ್ತದೆ. ಅದರಲ್ಲಿ 2 ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ, ಉಳಿದದ್ದು 58. ಒಂದು ಹಲ್ಲಿನಿಂದ ಇನ್ನೊಂದಕ್ಕೆ 6 ಡಿಗ್ರಿ. ಆ ಖಾಲಿ ಜಾಗ ಹಾದುಹೋದಾಗ ಇಸಿಯುಗೆ ಎಣಿಕೆಯ ಆರಂಭ ಸಿಗುತ್ತದೆ. ಆದರೆ ಮೇಲೆ ಬಂದ ಪಿಸ್ಟನ್ ಒತ್ತಲು ಬಂದದ್ದೋ ಹೊಗೆ ತಳ್ಳಲು ಬಂದದ್ದೋ, ಅದು ಕ್ರ್ಯಾಂಕ್ ಸೆನ್ಸರಿಗೆ ಗೊತ್ತಾಗುವುದಿಲ್ಲ. ಗೋಡೆ ಗಡಿಯಾರ ಏಳು ಗಂಟೆ ಎಂದು ತೋರಿಸುತ್ತದೆ, ಬೆಳಗಿನ ಏಳೋ ಸಂಜೆಯ ಏಳೋ ಹೇಳುವುದಿಲ್ಲ ಅಲ್ವಾ, ಹಾಗೆ.

ಅದನ್ನು ಹೇಳುವುದು ಕ್ಯಾಮ್ ಸೆನ್ಸರ್. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಚೈನ್ ಅಥವಾ ಬೆಲ್ಟಿನ ಮೂಲಕ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಕ್ಯಾಮಿನ ಒಂದು ಸುತ್ತು ಅಂದರೆ ಎಂಜಿನ್ನಿನ ಒಂದು ಪೂರ್ತಿ ಸರದಿ. ಅದರ ಚಕ್ರದ ಹಲ್ಲುಗಳು ಸಾಮಾನ್ಯವಾಗಿ ಒಂದೇ ಅಗಲ ಇರುವುದಿಲ್ಲ, ಒಂದು ದಪ್ಪ, ಒಂದು ಸಣ್ಣ. ಆ ವಿನ್ಯಾಸವನ್ನು ಕ್ರ್ಯಾಂಕಿನ ಖಾಲಿ ಜಾಗದ ಜೊತೆ ಹೋಲಿಸಿ ಈಗ ಒತ್ತುತ್ತಿರುವುದು ಒಂದನೇ ಸಿಲಿಂಡರೋ ನಾಲ್ಕನೆಯದೋ ಎಂದು ಇಸಿಯು ತೀರ್ಮಾನಿಸುತ್ತದೆ. ಅಲ್ಲಿಂದ 1-3-4-2 ಸರದಿಯಲ್ಲಿ ಆಯಾ ಕಾಯಿಲ್, ಆಯಾ ಇಂಜೆಕ್ಟರ್ ಕೆಲಸ ಶುರು ಮಾಡುತ್ತವೆ.

ಅಂಬಾಸಿಡರ್, ಪದ್ಮಿನಿ ಬಾನೆಟ್ ತೆಗೆದು ಕೆಲಸ ಮಾಡಿದವರಿಗೆ ಡಿಸ್ಟ್ರಿಬ್ಯೂಟರ್ ನೆನಪಿರುತ್ತದೆ. ಅದರ ಶಾಫ್ಟೂ ಕ್ರ್ಯಾಂಕಿನ ಅರ್ಧ ವೇಗದಲ್ಲೇ ತಿರುಗುತ್ತಿತ್ತು. ರೋಟರ್ ಯಾವ ಪ್ಲಗ್ಗಿನ ಕಡೆ ಮುಖ ಮಾಡಿರುತ್ತಿತ್ತೋ ಆ ಪ್ಲಗ್ಗಿಗೆ ಕಿಡಿ. ಯಾವ ಸಿಲಿಂಡರ್ ಸರದಿ ಎನ್ನುವುದು ಗೇರಿನ ಜೋಡಣೆಯಲ್ಲೇ ಇತ್ತು, ಬೇರೆ ಸೆನ್ಸರ್ ಬೇಕಿರಲಿಲ್ಲ. ಡಿಸ್ಟ್ರಿಬ್ಯೂಟರ್ ಹೋಗಿ ಒಂದೊಂದು ಪ್ಲಗ್ಗಿಗೆ ಒಂದೊಂದು ಕಾಯಿಲ್ ಬಂದ ಮೇಲೆ ಆ ತಿಳಿವಳಿಕೆಯನ್ನು ಕ್ಯಾಮ್ ಸೆನ್ಸರ್ ಒದಗಿಸಬೇಕಾಯಿತು.

ಈಗ ಗೆಳೆಯನ ದೂರಿಗೆ ಬರೋಣ. ಓಡುವಾಗ ತೊಂದರೆ ಇಲ್ಲ, ಸ್ಟಾರ್ಟ್ ಮಾಡುವಾಗ ಮಾತ್ರ ಕಾಟ. ಇದು ವಿಚಿತ್ರವಲ್ಲ, ತುಂಬಾ ಒಳ್ಳೆಯ ಸುಳಿವು. ಒಮ್ಮೆ ಸರದಿ ಗೊತ್ತಾದರೆ ಮುಂದೆ ಕ್ರ್ಯಾಂಕಿನ ಹಲ್ಲು ಎಣಿಸಿಕೊಂಡೇ ಎಷ್ಟೋ ಇಸಿಯುಗಳು ಎಂಜಿನ್ ಓಡಿಸಬಲ್ಲವು. ನಡುದಾರಿಯಲ್ಲಿ ಕ್ಯಾಮ್ ಸಿಗ್ನಲ್ ಹೋದರೆ ಲೈಟ್ ಹಚ್ಚಿ ಕೋಡ್ ಬರೆದುಕೊಂಡು ಓಡಿಸುತ್ತವೆ. ಆಫ್ ಮಾಡಿದರೆ ಆ ಎಣಿಕೆ ಅಳಿಸಿಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡುವಾಗ ಕ್ಯಾಮ್ ಸಿಗ್ನಲ್ ಇಲ್ಲದಿದ್ದರೆ ಇಸಿಯು ಸ್ವಲ್ಪ ಹೊತ್ತು ಕಾಯುತ್ತದೆ, ಆಮೇಲೆ ಬೇರೆ ದಾರಿ ಹುಡುಕುತ್ತದೆ. 1 ಮತ್ತು 4ಕ್ಕೆ ಒಟ್ಟಿಗೆ, 2 ಮತ್ತು 3ಕ್ಕೆ ಒಟ್ಟಿಗೆ ಕಿಡಿ ಕೊಟ್ಟು ನೋಡುವುದೂ ಇದೆ. ಜೋಡಿಯಲ್ಲಿ ಒಂದು ಕಿಡಿ ಸರಿಯಾದ ಜಾಗದಲ್ಲಿ ಬೀಳುತ್ತದೆ, ಇನ್ನೊಂದು ಹೊಗೆಯಲ್ಲಿ ವ್ಯರ್ಥ. ಕೆಲವು ಗಾಡಿಗಳು ಸ್ಟಾರ್ಟೇ ಆಗುವುದಿಲ್ಲ. ಅದು ಕಂಪನಿಯವರು ಬರೆದ ಪ್ರೋಗ್ರಾಮಿನ ಮೇಲೆ ನಿಂತಿದೆ.

ಒಂದು ಎಚ್ಚರಿಕೆ. ಪಿ0016 ಬಂದರೆ ಅದು ಬೇರೆಯೇ ಕಥೆ. ಎರಡೂ ಸಿಗ್ನಲ್ ಬರುತ್ತಿವೆ, ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಟೈಮಿಂಗ್ ಚೈನ್ ಸಡಿಲವಾಗಿದೆಯೋ, ಹಲ್ಲು ಹಾರಿದೆಯೋ ನೋಡಬೇಕು. ಅಂಥ ಗಾಡಿಯನ್ನು ಓಡಿಸುತ್ತಾ ಪರೀಕ್ಷೆ ಮಾಡಬೇಡಿ.

ಹಳೆಯ ಸೆನ್ಸರಿನ ಪರೀಕ್ಷೆ

ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಫೋನಿನಲ್ಲಿ ಫ್ರೀಜ್ ಫ್ರೇಮ್ ನೋಡಿದೆ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಎಂಬ ದಾಖಲೆ ಅದು. ಕೂಲೆಂಟ್ 93 ಡಿಗ್ರಿ, ವೇಗ 71 ಕಿ.ಮೀ., ಎಂಜಿನ್ 2,200 ಆರ್‌ಪಿಎಂ ಆಸುಪಾಸು. ಬಿಸಿಯಾದ ಮೇಲೆ, ಓಡುವಾಗ ಬರುವ ತೊಂದರೆ ಎಂದಾಯಿತು. ಬಿಸಿಗೆ ಸೆನ್ಸರಿನ ಒಳಗಿನ ಚಿಪ್ಪೂ ಕೈಕೊಡಬಹುದು, ಅಲುಗಾಟಕ್ಕೆ ವೈರೂ ಕೈಕೊಡಬಹುದು. ಹಾಗಾಗಿ ಮೊದಲು ಹಳೆಯ ಸೆನ್ಸರಿನಿಂದಲೇ ಸತ್ಯ ತಿಳಿಯೋಣ ಎಂದುಕೊಂಡೆ.

ಇದು ಮೂರು ವೈರಿನ ಹಾಲ್ ಸೆನ್ಸರ್. ವಿದ್ಯುತ್ ಹರಿಯುವ ಪಟ್ಟಿಗೆ ಅಡ್ಡಲಾಗಿ ಅಯಸ್ಕಾಂತ ಹಿಡಿದರೆ ಪಟ್ಟಿಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇದನ್ನು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಹಿಡಿದರು, ಹೆಸರು ಬಂದದ್ದು ಅವರಿಂದ. ನಮ್ಮ ಸೆನ್ಸರಿನ ತುದಿಯಲ್ಲಿ ಒಂದು ಪುಟ್ಟ ಅಯಸ್ಕಾಂತ, ಅದರ ಮುಂದೆ ಹಾಲ್ ಚಿಪ್ ಇದೆ. ಕಬ್ಬಿಣದ ಹಲ್ಲು ಎದುರಿಗೆ ಬಂದಾಗ ಅಯಸ್ಕಾಂತದ ಬಲ ಬದಲಾಗುತ್ತದೆ, ಚಿಪ್ ಒಳಗಿನ ಟ್ರಾನ್ಸಿಸ್ಟರ್ ಆನ್ ಆಗುತ್ತದೆ ಅಥವಾ ಆಫ್ ಆಗುತ್ತದೆ. ಸೆನ್ಸರ್ ತಾನಾಗಿ 5 ವೋಲ್ಟ್ ಕಳಿಸುವುದಿಲ್ಲ ಎನ್ನುವುದನ್ನು ಗಮನಿಸಿ. ಸಿಗ್ನಲ್ ವೈರಿಗೆ 5 ವೋಲ್ಟ್ ಕೊಡುವುದು ಇಸಿಯು. ಸೆನ್ಸರ್ ಮಾಡುವುದು ಆ ವೈರನ್ನು ಅರ್ಥಿಗೆ ಎಳೆಯುವುದು, ಬಿಡುವುದು, ಅಷ್ಟೇ. ಅರ್ಥ್ ಸರಿ ಇಲ್ಲದಿದ್ದರೆ ಎಳೆಯಲು ಜಾಗವೇ ಇರುವುದಿಲ್ಲ.

ಒಂದು ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ತೆಗೆದುಕೊಂಡೆ. ಕೆಂಪು ಸೆನ್ಸರಿನ ಸಪ್ಲೈ ಪಿನ್ನಿಗೆ, ಕಪ್ಪು ಅರ್ಥ್ ಪಿನ್ನಿಗೆ. 5 ವೋಲ್ಟಿಗೂ ಸಿಗ್ನಲ್ ಪಿನ್ನಿಗೂ ನಡುವೆ ಒಂದು ಎಲ್‌ಇಡಿ, ಅದರ ಜೊತೆ 1 ಕಿಲೋ ಓಮ್ ರೆಸಿಸ್ಟರ್. ಯಾವ ಪಿನ್ ಯಾವುದು ಎಂದು ವೈರಿಂಗ್ ನಕ್ಷೆ ನೋಡಿಯೇ ಜೋಡಿಸಬೇಕು, ತಿರುಗುಮುರುಗು ಆದರೆ ಒಳ್ಳೆಯ ಸೆನ್ಸರೂ ಸುಡಬಹುದು. ಆಮೇಲೆ ಸ್ಪ್ಯಾನರಿನ ತುದಿಯನ್ನು ಸೆನ್ಸರಿನ ಮೂತಿಯ ಮುಂದೆ ಒಂದು ಮಿಲಿಮೀಟರ್ ದೂರದಲ್ಲಿ ಸವರಿದೆ. ಸ್ಪ್ಯಾನರ್ ಬಂದಾಗ ಎಲ್‌ಇಡಿ ಹತ್ತಿತು, ಹೋದಾಗ ಆರಿತು. ಅಲ್ಯೂಮಿನಿಯಂ ಪಟ್ಟಿ ಹಿಡಿದರೆ ಏನೂ ಇಲ್ಲ. ಕಬ್ಬಿಣಕ್ಕೆ ಮಾತ್ರ ಉತ್ತರ ಕೊಡುತ್ತದೆ, ಹಾಗೇ ಇರಬೇಕು. ಹೇರ್ ಡ್ರೈಯರ್ ಹಿಡಿದು ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿ ಮಾಡಿ ಮತ್ತೆ ಸವರಿದೆ. ಎಲ್‌ಇಡಿ ಒಮ್ಮೆಯೂ ತಪ್ಪಲಿಲ್ಲ.

ಗ್ಯಾರೇಜಿನಲ್ಲಿ ಕೆಟ್ಟದ್ದು ಎಂದು ತೆಗೆದ ಸೆನ್ಸರ್ ಆರೋಗ್ಯವಾಗಿಯೇ ಇತ್ತು.

ಹಾಲ್ ಸೆನ್ಸರನ್ನು ಓಮ್ ಮೀಟರಿನಲ್ಲಿ ಅಳೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಎರಡು ವೈರಿನ ಹಳೇ ಮಾದರಿಯ ಕಾಯಿಲ್ ಸೆನ್ಸರ್ ಇದ್ದರೆ ಮಾತ್ರ ಓಮ್ ಲೆಕ್ಕಕ್ಕೆ ಬರುತ್ತದೆ. ಅದು ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ, ಎಂಜಿನ್ ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ.

ಮೂರು ವೈರು

ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ ಮೀಟರ್ ಹಿಡಿದೆ. ಸಪ್ಲೈ 5.02 ವೋಲ್ಟ್. ಸಿಗ್ನಲ್ ಪಿನ್ನಿನಲ್ಲಿ ಇಸಿಯು ಕೊಡುವ 4.98. ಸಪ್ಲೈಗೂ ಅರ್ಥ್ ಪಿನ್ನಿಗೂ ನಡುವೆ ಮತ್ತೆ 5.02. ಎಲ್ಲವೂ ಪುಸ್ತಕದಲ್ಲಿ ಇರುವ ಹಾಗೆಯೇ. (ಕೆಲವು ಗಾಡಿಗಳಲ್ಲಿ ಸಪ್ಲೈ 12 ವೋಲ್ಟ್ ಇರುತ್ತದೆ. ನಿಮ್ಮ ಗಾಡಿಯ ನಕ್ಷೆ ನೋಡಿಕೊಳ್ಳಿ.)

ಎಷ್ಟೋ ಜನ ಇಲ್ಲಿಗೆ ವೈರಿಂಗ್ ಓಕೆ ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 5.02 ಎಂದೇ ತೋರಿಸುತ್ತದೆ. ಕೆಲಸ ಮಾಡುತ್ತಿರುವ ಸರ್ಕ್ಯೂಟನ್ನೇ ಅಳೆಯಬೇಕು, ಅದೂ ವೈರು ಅಲುಗಾಡಿಸುತ್ತಾ.

ಕಪ್ಲರ್ ಮತ್ತೆ ಸಿಕ್ಕಿಸಿದೆ. ಅದರ ಹಿಂಬದಿಯಲ್ಲಿ ವೈರು ಒಳಗೆ ಹೋಗುವ ಕಡೆ ರಬ್ಬರ್ ಸೀಲಿನ ಪಕ್ಕದಿಂದ ಒಂದು ತೆಳ್ಳನೆಯ ಸೂಜಿ ತೂರಿಸಿ ಅರ್ಥ್ ಪಿನ್ನಿಗೆ ಮುಟ್ಟಿಸಿದೆ. ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚುವ ಅಭ್ಯಾಸ ಬೇಡ. ಆ ತೂತಿನಿಂದ ಮಳೆಗಾಲದಲ್ಲಿ ನೀರು ಹೋಗಿ ತಾಮ್ರ ಹಸಿರಾಗುತ್ತದೆ. ಮೀಟರಿನ ಕೆಂಪು ತುದಿ ಸೂಜಿಗೆ, ಕಪ್ಪು ತುದಿ ಬ್ಯಾಟರಿಯ ನೆಗೆಟಿವ್‌ಗೆ. ಎಂಜಿನ್ ಸ್ಟಾರ್ಟ್ ಮಾಡಿದೆ. 0.02 ವೋಲ್ಟ್. ಅರ್ಥ್ ಇಷ್ಟಿದ್ದರೆ ಒಳ್ಳೆಯದು. 0.1 ದಾಟಿದರೆ ಅನುಮಾನ ಪಡಬೇಕು.

ಫ್ಯಾನ್ ಆನ್ ಆಗುವವರೆಗೆ ಎಂಜಿನ್ ಬಿಸಿಯಾಗಲು ಬಿಟ್ಟೆ. ಆಮೇಲೆ ಸೆನ್ಸರಿನಿಂದ ಶುರು ಮಾಡಿ ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬಂದೆ. ಸೆನ್ಸರ್ ಹತ್ತಿರ ಏನೂ ಇಲ್ಲ. ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಏನೂ ಇಲ್ಲ. ಬ್ಯಾಟರಿ ಟ್ರೇ ಕಡೆ ತಿರುಗುವಲ್ಲಿ ಒಂದು ಕಬ್ಬಿಣದ ಬ್ರಾಕೆಟ್ ಇದೆ, ಕಟ್ಟು ಅದರ ಅಂಚಿನ ಮೇಲೆ ಹಾದುಹೋಗುತ್ತದೆ. ಅಲ್ಲಿ ಬೆರಳಿನಿಂದ ಕೆಳಗೆ ಒತ್ತಿದೆ. ಮೀಟರ್ 0.02ರಿಂದ 1.6ಕ್ಕೆ ಹಾರಿತು. ಇನ್ನೂ ಸ್ವಲ್ಪ ಒತ್ತಿದೆ, 4.7. ಅರ್ಥ್ ಪಿನ್ನಿನಲ್ಲಿ ಹತ್ತಿರಹತ್ತಿರ 5 ವೋಲ್ಟ್ ಅಂದರೆ ಆ ಸೆನ್ಸರಿಗೆ ಅರ್ಥೇ ಇಲ್ಲ ಎಂದರ್ಥ. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಲೈಟ್ ಹತ್ತಿತು. ಎಂಜಿನ್ ಮಾತ್ರ ಏನೂ ಆಗದವರಂತೆ ಓಡುತ್ತಲೇ ಇತ್ತು.

ಕಟ್ಟನ್ನು ಒತ್ತಿ ಹಿಡಿದುಕೊಂಡೇ ಗೆಳೆಯನಿಗೆ ಆಫ್ ಮಾಡಿ ಸೆಲ್ಫ್ ಹೊಡೆಯಲು ಹೇಳಿದೆ. ತಿರುಗಿತು, ತಿರುಗಿತು, ಬಹಳ ಹೊತ್ತಿನ ಮೇಲೆ ಹತ್ತಿತು. ಕೈ ಬಿಟ್ಟು ಮತ್ತೆ ಹೊಡೆಸಿದೆ. ತಕ್ಷಣ ಸ್ಟಾರ್ಟ್. ಬೇಕೆಂದಾಗ ಬರಿಸಿ ಬೇಕೆಂದಾಗ ಬಿಡಿಸಲು ಆಯಿತು ಎಂದರೆ ತೊಂದರೆ ಸಿಕ್ಕಿತು ಎಂದೇ ಲೆಕ್ಕ. ಅಷ್ಟು ಆಗುವವರೆಗೆ ನಾನು ಯಾವ ಸಾಮಾನನ್ನೂ ಖರೀದಿ ಮಾಡುವುದಿಲ್ಲ.

ಬೇರೆ ಸೆನ್ಸರುಗಳಿಗೆ ಯಾಕೆ ತೊಂದರೆ ಆಗಲಿಲ್ಲ? ಈ ಗಾಡಿಯಲ್ಲಿ ಸೆನ್ಸರುಗಳ ಅರ್ಥ್ ವೈರುಗಳು ಇಸಿಯು ಹತ್ತಿರ ಒಂದು ಕಡೆ ಸೇರುತ್ತವೆ. ತುಂಡಾದದ್ದು ಅದಕ್ಕಿಂತ ಮುಂಚಿನ, ಕ್ಯಾಮ್ ಸೆನ್ಸರಿನದೇ ಕವಲು. ಸೆನ್ಸರ್ ಬದಲಿಸಿದಾಗ ಸ್ವಲ್ಪ ದಿನ ಸರಿಹೋದದ್ದಕ್ಕೂ ಕಾರಣ ಸಿಕ್ಕಿತು. ಆ ಕೆಲಸ ಮಾಡುವಾಗ ಕಟ್ಟು ಅಲುಗಾಡಿ, ಎಳೆಗಳು ಒಂದಕ್ಕೊಂದು ತಾಗಿಕೊಂಡು ಕೂತಿರಬೇಕು.

ಒಳಗೆ ಇದ್ದದ್ದು

ಬ್ಯಾಟರಿಯ ನೆಗೆಟಿವ್ ತೆಗೆದು, ಕಟ್ಟಿನ ಟೇಪ್ ಬಿಚ್ಚಿ, ಸುಕ್ಕು ಪೈಪನ್ನು ಸೀಳಿ ನೋಡಿದೆ. ಮೊದಲು ನನಗೆ ಇಲಿಯ ಮೇಲೆ ಅನುಮಾನ ಇತ್ತು. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಬಾನೆಟ್ ಒಳಗೆ ಇಲಿ ಸೇರುವುದು ಹೊಸದೇನಲ್ಲ. ಆದರೆ ಹಲ್ಲಿನ ಗುರುತು ಇರಲಿಲ್ಲ. ಕಪ್ಪು ವೈರಿನ ಮೇಲಿನ ಪ್ಲಾಸ್ಟಿಕ್ ಎಲ್ಲೂ ಹರಿದಿರಲಿಲ್ಲ. ಬ್ರಾಕೆಟ್ಟಿನ ಅಂಚು ತಾಗುವ ಕಡೆ ಒಂದು ಮಂಕಾದ ಗೆರೆ ಇತ್ತು. ಅಲ್ಲಿ ವೈರನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಒಳಗೆ ತಾಮ್ರವೇ ಇಲ್ಲದ ಹಾಗೆ ಮೆತ್ತಗೆ ಮಡಚಿಕೊಳ್ಳುತ್ತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹಸಿರು ಪುಡಿ ಉದುರಿತು. ಎಳೆಗಳೆಲ್ಲ ಒಂದೇ ಜಾಗದಲ್ಲಿ ತುಂಡಾಗಿದ್ದವು. ಒಂದೆರಡು ಮಾತ್ರ ಇನ್ನೂ ಹಿಡಿದುಕೊಂಡಿದ್ದವು, ಅವೂ ಕಪ್ಪಾಗಿದ್ದವು.

ಕಾರಣವೂ ಪಕ್ಕದಲ್ಲೇ ಇತ್ತು. ಕಟ್ಟನ್ನು ಬ್ರಾಕೆಟ್ಟಿನಿಂದ ಎತ್ತಿ ಹಿಡಿಯಬೇಕಿದ್ದ ಪ್ಲಾಸ್ಟಿಕ್ ಕ್ಲಿಪ್ ಮುರಿದು ಅದರ ಕಾಲು ಮಾತ್ರ ತೂತಿನಲ್ಲಿ ಉಳಿದಿತ್ತು. ಕಟ್ಟಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಗಾಡಿಯ ಬಾಡಿಯ ಕಡೆಗೆ ಸೇರಿದೆ. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಪ್ರತಿ ಗೇರಿಗೂ ಪ್ರತಿ ಗುಂಡಿಗೂ ಓಲಾಡುತ್ತದೆ, ಬಾಡಿ ನಿಂತಲ್ಲೇ ನಿಂತಿರುತ್ತದೆ. ನಡುವಿನ ಬಾಗು ಎಲ್ಲ ಆ ಅಂಚಿನ ಮೇಲೆ ಬಿದ್ದಿದೆ. ಬಿಸಿಯಾದಾಗ ಪ್ಲಾಸ್ಟಿಕ್ ಮೆತ್ತಗಾಗಿ ಹಿಗ್ಗುತ್ತದೆ, ತುಂಡಾದ ಎಳೆಗಳು ದೂರ ಸರಿಯುತ್ತವೆ. ಬೆಳಿಗ್ಗೆ ಸರಿ, ಭರಮಸಾಗರದಲ್ಲಿ ಲೈಟ್ ಎನ್ನುವುದಕ್ಕೆ ಇದೇ ಅರ್ಥ.

ಜೋಡಿಸಿದ್ದು

ಹಸಿರಾದ ಭಾಗ ಪೂರ್ತಿ ಕತ್ತರಿಸಿದೆ. ತಾಮ್ರ ಹೊಳೆಯುವ ಬಣ್ಣ ಕಾಣುವವರೆಗೆ ಎರಡೂ ಕಡೆ ಹಿಂದೆ ಹೋಗಬೇಕು. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ನಿಲ್ಲುವುದಿಲ್ಲ. ನಡುವೆ 0.5 ಚದರ ಮಿ.ಮೀ.ನ ಆಟೋ ವೈರು ಸೇರಿಸಿದೆ, ಮೊದಲಿಗಿಂತ ಸ್ವಲ್ಪ ಉದ್ದ ಬಿಟ್ಟು. ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ವೈರಿಗೆ ತೂರಿಸಿಟ್ಟುಕೊಂಡು, ಎಳೆಗಳನ್ನು ಹೆಣೆದು ಬೆಸೆದೆ. ಒಳಗೆ ಅಂಟು ಇರುವ ಶ್ರಿಂಕ್ ಟ್ಯೂಬನ್ನೇ ತನ್ನಿ. ಬಿಸಿ ಮಾಡಿದಾಗ ಎರಡು ತುದಿಯಲ್ಲೂ ಅಂಟು ಸ್ವಲ್ಪ ಹೊರಗೆ ಬಂದರೆ ನೀರು ಒಳಗೆ ಹೋಗುವುದಿಲ್ಲ ಎಂದು ನಂಬಬಹುದು. ಬೆಸುಗೆ ಇರುವ ಜಾಗ ಗಟ್ಟಿಯಾಗುತ್ತದೆ, ಅದರ ಪಕ್ಕ ಬಾಗಿದರೆ ಮತ್ತೆ ತುಂಡಾಗುತ್ತದೆ. ಹಾಗಾಗಿ ಎರಡೂ ಬೆಸುಗೆಗಳನ್ನು ಬಾಗುವ ಜಾಗದಿಂದ ದೂರ ಇಟ್ಟೆ.

ಉಳಿದ ಎರಡು ವೈರುಗಳನ್ನು ನೋಡದೆ ಮುಚ್ಚಲು ಮನಸ್ಸು ಬರಲಿಲ್ಲ. ಸೆನ್ಸರ್ ಕಪ್ಲರ್, ಇಸಿಯು ಕಪ್ಲರ್ ಎರಡನ್ನೂ ಬಿಚ್ಚಿ, ಒಂದೊಂದು ವೈರಿನ ಮೂಲಕ ಬೇರೆ ಬ್ಯಾಟರಿಯಿಂದ 12 ವೋಲ್ಟಿನ 5 ವ್ಯಾಟ್ ಪಾರ್ಕಿಂಗ್ ಬಲ್ಬು ಹಚ್ಚಿದೆ. ಸುಮಾರು 0.4 ಆಂಪಿಯರ್ ಹರಿಯುತ್ತದೆ. ಎಳೆಗಳು ತುಂಡಾಗಿ ಬರೀ ತಾಗಿಕೊಂಡಿದ್ದರೆ ಬಾಗಿಸಿದಾಗ ಬಲ್ಬು ಮಿನುಗುವ ಸಾಧ್ಯತೆ ಹೆಚ್ಚು. ಬೆಸೆದದ್ದೂ ಸೇರಿ ಮೂರರಲ್ಲೂ ಬಲ್ಬು ಒಂದೇ ಸಮ ಉರಿಯಿತು. ಇಸಿಯು ಕಪ್ಲರ್ ಬಿಚ್ಚದೆ ಈ ಪರೀಕ್ಷೆ ಯಾವತ್ತೂ ಮಾಡಬೇಡಿ. 12 ವೋಲ್ಟ್ ಇಸಿಯು ಒಳಗೆ ಹೋದರೆ ಆಗ ನಿಜವಾಗಿಯೂ ಇಸಿಯು ಬದಲಿಸಬೇಕಾಗುತ್ತದೆ.

ಸೆನ್ಸರನ್ನೂ ಒಮ್ಮೆ ಹೊರಗೆ ತೆಗೆದು ನೋಡಿದೆ. ತುದಿಯಲ್ಲಿ ಅಯಸ್ಕಾಂತ ಇರುವುದರಿಂದ ಆಯಿಲಿನಲ್ಲಿರುವ ಕಬ್ಬಿಣದ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ಸ್ವಲ್ಪ ಇತ್ತು, ಒರೆಸಿದೆ. ಓ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಕೂರಿಸಿದೆ. ಆ ಸಣ್ಣ ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಜಾಸ್ತಿ ಬಿಗಿದರೆ ಸೆನ್ಸರಿನ ಪ್ಲಾಸ್ಟಿಕ್ ಕಿವಿ ಬಿರುಕು ಬಿಡುತ್ತದೆ.

ಕೋಡ್ ಅಳಿಸಿ, ಮೀಟರ್ ಅರ್ಥ್ ಪಿನ್ನಿಗೆ ಹಿಡಿದು, ಅದೇ ಜಾಗದಲ್ಲಿ ಕಟ್ಟನ್ನು ಒತ್ತಿ ಎಳೆದು ನೋಡಿದೆ. 0.01ರಿಂದ 0.02, ಅದಕ್ಕಿಂತ ಮೇಲೆ ಹೋಗಲಿಲ್ಲ. ಡಾಂಗಲ್ ಹಾಕಿಕೊಂಡೇ ಚಿತ್ರದುರ್ಗದವರೆಗೆ ಓಡಿಸಿದೆವು. ಕೋಟೆ ಕಾಣುವ ಕಡೆ ನಿಲ್ಲಿಸಿ, ಬಿಸಿ ಎಂಜಿನ್ನನ್ನು ಆಫ್ ಮಾಡಿ ಕಾದು ಸೆಲ್ಫ್ ಹೊಡೆದರೆ ತಕ್ಷಣ ಹತ್ತಿಕೊಂಡಿತು. ಪೆಂಡಿಂಗ್ ಕೋಡೂ (ಲೈಟ್ ಹತ್ತುವ ಮೊದಲೇ ಇಸಿಯು ಬರೆದಿಟ್ಟುಕೊಳ್ಳುವ ಅನುಮಾನ) ಇರಲಿಲ್ಲ. ಗೆಳೆಯ ಅಂದಿನಿಂದ ದಿನಾ ಅದೇ ರಸ್ತೆಯಲ್ಲಿ ಓಡಿಸುತ್ತಿದ್ದಾನೆ, ಲೈಟ್ ಬಂದಿಲ್ಲ.

ಹೊಸ ಸೆನ್ಸರನ್ನು ಎಂಜಿನ್ನಿನಲ್ಲೇ ಬಿಟ್ಟೆ, ಹಳೆಯದಕ್ಕೆ ಚೀಟಿ ಅಂಟಿಸಿ ಸ್ಪೇರ್ ಮಾಡಿದೆ. ಕ್ಲಿಪ್ ಹೊಸದು ಹಾಕಿದೆ. ಬ್ರಾಕೆಟ್ಟಿನ ಅಂಚಿಗೆ ವ್ಯಾಕ್ಯೂಮ್ ಹೋಸಿನ ತುಂಡೊಂದನ್ನು ಉದ್ದಕ್ಕೆ ಸೀಳಿ ಸಿಕ್ಕಿಸಿದ್ದೇನೆ. ಇಂಜೆಕ್ಟರುಗಳ ವೈರಿಂಗ್ ಕೂಡ ಅದೇ ಅಂಚಿನ ಮೇಲೆ ಹಾದುಹೋಗುತ್ತದೆ. ಅದರ ಟೇಪ್ ಒಂದು ಕಡೆ ಸವೆದಿದೆ, ಒಳಗಿನ ವೈರಿಗೆ ಇನ್ನೂ ಏನೂ ಆಗಿಲ್ಲ. ಬಟ್ಟೆ ಟೇಪ್ ಸುತ್ತಿದ್ದೇನೆ. ಮುಂದಿನ ಆಯಿಲ್ ಬದಲಾವಣೆಗೆ ಗಾಡಿ ಬಂದಾಗ ಆ ಜಾಗವನ್ನು ಮತ್ತೆ ಬಿಚ್ಚಿ ನೋಡಬೇಕು.